ಪರಿಭಾಷೆಯ ಪುಸ್ತಕವೂ ಭಾಗಮಂಡಲದ ಹುಡುಗಿಯೂ

ಕಳೆದ ತುಲಾ ಸಂಕ್ರಮಣಕ್ಕೆ ಎರಡು ದಿನ ಮುಂಚಿತವಾಗಿ ಭಾಗಮಂಡಲದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ತಲಕಾವೇರಿಗೆ ಹೋಗುವವರು ಮೊದಲು ಇಲ್ಲಿಯ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಅನಂತರ ಎಂಟು ಕಿಲೋಮೀಟರು ಮೇಲಕ್ಕೆ ಹೋಗುವುದು ರೂಢಿ. ಆದುದರಿಂದ ಊರು ಆಗಲೇ ಗಡಿಬಿಡಿಯಲ್ಲಿತ್ತು. ಮಳೆ ನಿಂತಿತೆನ್ನುವಷ್ಟರಲ್ಲಿ ಮತ್ತೆ ಹನಿಯುತ್ತಿತ್ತು. ಜಗಲಿಯ ಮೇಲೆ ತಂಗಿಯ ಮಗಳು, ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ಓದುವವಳು, ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು.

ಸಮಾಜ ವಿಜ್ಞಾನಗಳ ಮೂಲ ಪರಿಕಲ್ಪನೆಗಳನ್ನು ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಸುವ ಕೈಪಿಡಿ ಅದು. ರಾಜ್ಯಶಾಸ್ತ್ರದಲ್ಲಿ ಮೊದಲಾಗಿ, ಅರ್ಥಶಾಸ್ತ್ರ ಸಮಾಜಶಾಸ್ತ್ರಗಳನ್ನು ಹಾದು, ಭಾಷಾಕಲಿಕೆಯಲ್ಲಿ ಮುಗಿಯುತ್ತದೆ. ಪುಸ್ತಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದೊಂದೇ ಹೀಗಿದೆ ಎಂದಾದೀತು. ಇದರ ಅಣ್ಣತಮ್ಮಂದಿರು ಮಡಿಕೇರಿಯಿಂದ ಮೈಸೂರಿನವರೆಗೆ ಎಲ್ಲ ಪುಸ್ತಕದಂಗಡಿಗಳಲ್ಲಿಯೂ ಇದ್ದಾರೆ. ಎರಡು ದಿನ ಮಳೆಯ ದೆಸೆಯಿಂದ ನನಗೆ ಬೇರೆ ಕೆಲಸವಿರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಈ ಬಗೆಯ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಓದಿದವನು, ಪರೀಕ್ಷೆಯ ಭಯವಿಲ್ಲದವರಲ್ಲಿ, ನಾನೊಬ್ಬನೇ ಇರಬಹುದು.

ಮೊದಲು ಒಳ್ಳೆಯ ಮಾತು. ಅಚ್ಚು ಶುದ್ಧವಾಗಿದೆ. ತಪ್ಪು ಹುಡುಕುವ ಕಣ್ಣಿಗೂ ಹೆಚ್ಚಿನ ಆಹಾರ ಸಿಕ್ಕಲಿಲ್ಲ. ವ್ಯಾಖ್ಯೆಗಳು ಚಿಕ್ಕವು, ಬಹುಮಟ್ಟಿಗೆ ಸರಿಯಾದವು. ಬರೆದವರು ಶಾಸ್ತ್ರವನ್ನು ಓದಿದವರೇ ಹೌದು. ನನ್ನ ತಕರಾರು ಅವರ ಪಾಂಡಿತ್ಯದ ಮೇಲಲ್ಲ.

“ರಾಜ್ಯಕ್ಕೆ ಮೂಲಾಂಶಗಳು ನಾಲ್ಕು: ಜನಸಂಖ್ಯೆ, ಭೂಪ್ರದೇಶ, ಸರ್ಕಾರ ಮತ್ತು ಪರಮಾಧಿಕಾರ.” ಹುಡುಗಿ ಇದನ್ನು ನಾಲ್ಕೈದು ಸಲ ಹೇಳಿದವಳು ಥಟ್ಟನೆ ನಿಲ್ಲಿಸಿ, “ಮಾವ, ಈ ನಾಲ್ಕನೆಯದು ಕರ್ನಾಟಕಕ್ಕೆ ಉಟ್ಟಾ?” ಎಂದಳು. ಇಲ್ಲವೆಂದೆ. “ಹಾಗಾದರೆ ಕರ್ನಾಟಕ ರಾಜ್ಯ ಅಲ್ಲ?” ನಾನು ಉತ್ತರ ಹುಡುಕುತ್ತಿರುವಾಗ ಅವಳೇ ನಕ್ಕು, “ಇರಬೇಕು, ಸುಜ್ಯೋತಿಯ ಹಾಗೆ” ಎಂದಳು. ಭಾಗಮಂಡಲದಲ್ಲಿ ಕೂಡುವ ಮೂರು ನದಿಗಳಲ್ಲಿ ಕಾವೇರಿಯೂ ಕನ್ನಿಕೆಯೂ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ. ನಾಲ್ಕು ಅಂಶಗಳ ವ್ಯಾಖ್ಯೆಯ ಮೇಲೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಓದಿಲ್ಲ.

ಪುಸ್ತಕದಲ್ಲಿ ಇದೇ ಪುಟವನ್ನು ತಿರುವಿದರೆ, ಭಾರತವು 28 ರಾಜ್ಯಗಳ ಒಕ್ಕೂಟ ಎಂದಿದೆ. ಎರಡು ಪುಟಗಳಲ್ಲಿ ಒಂದೇ ಶಬ್ದ ಎರಡು ಬೇರೆ ವಸ್ತುಗಳನ್ನು ಹೇಳುತ್ತಿದೆ. ಲೇಖಕರಿಗೆ ಅದು ಗೊತ್ತು. ಓದುವವಳಿಗೆ ಮಾತ್ರ ಹೇಳಿಲ್ಲ. ಇದು ಕನ್ನಡದ ಬಡತನವೆಂದು ಯಾರೂ ತಿಳಿಯಬಾರದು. ಇಂಗ್ಲಿಷಿನಲ್ಲಿಯೂ ಎರಡಕ್ಕೂ ಒಂದೇ ಶಬ್ದ. ನಮ್ಮ ಸಂವಿಧಾನದ 1ನೆಯ ಅನುಚ್ಛೇದದಲ್ಲಿ ಅದಕ್ಕೆ ಒಂದರ್ಥವಾದರೆ, ಮೂಲಭೂತ ಹಕ್ಕುಗಳ ಸಲುವಾಗಿ 12ನೆಯ ಅನುಚ್ಛೇದದಲ್ಲಿ ಇನ್ನೊಂದರ್ಥ. ಅಲ್ಲಿ ಕೇಂದ್ರ ಸರ್ಕಾರ, ಸಂಸತ್ತು ಮೊದಲಾಗಿ ಸ್ಥಳೀಯ ಸಂಸ್ಥೆಗಳವರೆಗೆ ಎಲ್ಲವೂ ‘ರಾಜ್ಯ’ವೇ. ಆ ಲೆಕ್ಕದಲ್ಲಿ ಭಾಗಮಂಡಲದ ಗ್ರಾಮ ಪಂಚಾಯಿತಿಯೂ ರಾಜ್ಯ. ಇಷ್ಟನ್ನು ಮೂರು ಸಾಲಿನಲ್ಲಿ ಹೇಳಿದ್ದರೆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಶಾಸ್ತ್ರದ ಶಬ್ದವೆಂದರೆ ಯಾರೋ ಯಾವುದೋ ಕೆಲಸಕ್ಕೆ ಮಾಡಿಕೊಂಡ ಹತಾರ, ಕೆಲಸ ಬದಲಾದರೆ ಅದರ ಅರ್ಥವೂ ಬದಲಾಗುತ್ತದೆ ಎಂಬ ತಿಳಿವಳಿಕೆ ಬರುತ್ತಿತ್ತು.

ರಾಜ್ಯವೆಂದರೇನೆಂದು ಕಲಿಸುವುದಕ್ಕೆ ಕೊಡಗಿನಂಥ ಜಾಗ ಬೇರೆ ಎಲ್ಲಿದೆ? ಭಾಗಮಂಡಲಕ್ಕೇ ಟಿಪ್ಪುವಿನ ಕಾಲದಲ್ಲಿ ಅಫ್ಜಲಾಬಾದ್ ಎಂದು ಹೆಸರಾಗಿ, 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಹಿಡಿದ. ಹಾಲೇರಿ ವಂಶದ ದೊರೆತನ 1834ರಲ್ಲಿ ಮುಗಿಯಿತು. ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ಜನ ಅದೇ ಜನ, ನೆಲ ಅದೇ ನೆಲ. ಪರಮಾಧಿಕಾರ ಮಾತ್ರ ಹಡಗು ಹತ್ತಿ ಹೋಯಿತು. ನನ್ನ ಊರು ಸುಳ್ಯ ಅದುವರೆಗೆ ಕೊಡಗಿಗೆ ಸೇರಿದ್ದು, ಆಗ ಕೆನರಾ ಜಿಲ್ಲೆಗೆ ಹೋಯಿತು. ದೊರೆಯ ಕಾಲದಲ್ಲಿ ಕಂದಾಯವನ್ನು ದವಸದಲ್ಲಿ ಅಳೆಯಬಹುದಾಗಿತ್ತು. ಕಂಪನಿ ಸರ್ಕಾರ ನಗದು ಕೇಳಿತು. ಕೈಯಲ್ಲಿ ನಾಣ್ಯವಿಲ್ಲದ ರೈತ ದವಸವನ್ನು ಸಿಕ್ಕಿದ ಬೆಲೆಗೆ ಮಾರಬೇಕಾಯಿತು. 1837ರ ದಂಗೆಗೆ ಇದೂ ಒಂದು ಕಾರಣ. ಆ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಸ್ವಾತಂತ್ರ್ಯದ ಮೇಲೆ 1950ರಲ್ಲಿ ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. 24 ಸದಸ್ಯರ ಶಾಸನಸಭೆ, ಮುಖ್ಯಮಂತ್ರಿಯಾಗಿ ಸಿ. ಎಂ. ಪೂಣಚ್ಚ. 1952ರ ಆ ಚುನಾವಣೆಯಲ್ಲಿ ಕೊಡಗು ಬೇರೆಯಾಗಿ ಉಳಿಯಬೇಕೆ, ಮೈಸೂರಿಗೆ ಸೇರಬೇಕೆ ಎಂಬುದೇ ದೊಡ್ಡ ಮಾತಾಗಿತ್ತು. ಕಾಂಗ್ರೆಸ್ಸು 15 ಸ್ಥಾನ ಗೆದ್ದಿತು, ಪಕ್ಷೇತರರು 9. ನಾಲ್ಕು ವರ್ಷ ಕಳೆದು 1956ರ ನವೆಂಬರ್ 1ರಂದು ರಾಜ್ಯ ಜಿಲ್ಲೆಯಾಯಿತು.

ನೂರಿಪ್ಪತ್ತೆರಡು ವರ್ಷಗಳಲ್ಲಿ, ಮನೆಯ ಹೊಸ್ತಿಲು ದಾಟದೆ, ಒಂದು ಕುಟುಂಬ ನಾಲ್ಕು ಬಗೆಯ ಆಡಳಿತದಲ್ಲಿ ಬಾಳಿತು. ಪುಸ್ತಕದ ನಾಲ್ಕು ಅಂಶಗಳಲ್ಲಿ ಯಾವುದು ಯಾವಾಗ ಹೋಯಿತು, ಯಾವುದು ಉಳಿಯಿತು, ಯಾವುದು ಅರ್ಧ ಮಾತ್ರ ಮರಳಿ ಬಂತು ಎಂದು ತರಗತಿಯಲ್ಲಿ ಕೇಳಿದರೆ ಒಂದು ಗಂಟೆ ಸಾಲದು. ಒಕ್ಕೂಟ ವ್ಯವಸ್ಥೆಗಂತೂ ಪಾಠ ಮನೆಯ ಮುಂದೆಯೇ ಹರಿಯುತ್ತಿದೆ. ಇಲ್ಲಿ ಹುಟ್ಟುವ ನದಿಯ ನೀರಿನಲ್ಲಿ ಕರ್ನಾಟಕಕ್ಕೆ 284.75 ಟಿ.ಎಂ.ಸಿ., ತಮಿಳುನಾಡಿಗೆ 404.25 ಟಿ.ಎಂ.ಸಿ. ಎಂದು 2018ರಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪುಸ್ತಕದಲ್ಲಿ ಒಕ್ಕೂಟಕ್ಕೆ ಉದಾಹರಣೆ ಅಮೆರಿಕ ಮತ್ತು ಸ್ವಿಟ್ಜರ್‌ಲೆಂಡ್.

ಇಷ್ಟಾದರೆ, ಸ್ಥಳೀಯ ಉದಾಹರಣೆ ಸಾಲದು ಎಂಬ ಹಳೆಯ ದೂರು ಎಂದು ಓದುಗರು ಮುಗುಳ್ನಗಬಹುದು. ನನ್ನನ್ನು ನಿಜವಾಗಿ ಕೆರಳಿಸಿದ್ದು ಸಮಾಜಶಾಸ್ತ್ರದ ಭಾಗ.

ಅಲ್ಲಿ ‘ಸಂಸ್ಕೃತೀಕರಣ’ ಎಂಬ ಶಬ್ದಕ್ಕೆ ನಾಲ್ಕು ಸಾಲಿನ ವ್ಯಾಖ್ಯೆ ಇದೆ: ಕೆಳಗಿನ ಜಾತಿ ಮೇಲಿನ ಜಾತಿಯ ಆಚಾರ ವಿಚಾರಗಳನ್ನು ಅನುಕರಿಸಿ ಮೇಲೇರುವ ಪ್ರಕ್ರಿಯೆ. ಆವರಣದಲ್ಲಿ ಎಂ. ಎನ್. ಶ್ರೀನಿವಾಸ ಎಂದು ಹೆಸರು. ಮುಗಿಯಿತು. ಭಾಗಮಂಡಲದ ಜಗಲಿಯಲ್ಲಿ ಕುಳಿತು ಇದನ್ನು ಉರುಹೊಡೆಯುವ ಹುಡುಗಿಗೆ, ಜಗತ್ತಿನ ಸಮಾಜಶಾಸ್ತ್ರಕ್ಕೆಲ್ಲ ಹಬ್ಬಿದ ಈ ಪರಿಕಲ್ಪನೆ ಪ್ರಸಿದ್ಧವಾದದ್ದು ಕೊಡಗನ್ನು ಕುರಿತ ಪುಸ್ತಕದಿಂದ ಎಂದು ಯಾರೂ ಹೇಳಿಲ್ಲ. ನಾನು ಹೇಳಿದಾಗ ಅವಳು ನಂಬಲಿಲ್ಲ. “ಇಲ್ಲಿಯದ್ದಾ? ಪುಸ್ತಕದಲ್ಲಿ ಬರೆದಿಲ್ಲವಲ್ಲ!”

ಮೈಸೂರಿನಲ್ಲಿ ಹುಟ್ಟಿದ ಶ್ರೀನಿವಾಸರು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿದ್ದಾಗ ಕೊಡಗಿಗೆ ಬಂದು ವಿಷಯ ಸಂಗ್ರಹಿಸಿದರು. ಆಕ್ಸ್‌ಫರ್ಡಿನಲ್ಲಿ ಅದನ್ನು ಮತ್ತೆ ಕಡೆದು ಬರೆದರು. ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1952ರಲ್ಲಿ ಹೊರಬಂತು. ಅದಕ್ಕೆ ಅವರು ಆಧಾರ ಮಾಡಿಕೊಂಡವುಗಳಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ ‘ಪಟ್ಟೋಲೆ ಪಳಮೆ’ಯೂ ಒಂದು. ಅಂದರೆ, ಊರಿನ ಹಾಡು ಪುಸ್ತಕವಾಗಿ, ಪುಸ್ತಕ ಶಾಸ್ತ್ರವಾಗಿ, ಶಾಸ್ತ್ರ ನಾಲ್ಕು ಸಾಲಾಗಿ ಅದೇ ಊರಿಗೆ ಮರಳಿ ಬಂದಿದೆ. ಬರುವಾಗ ತನ್ನ ವಿಳಾಸವನ್ನು ಮಾತ್ರ ಮರೆತಿದೆ.

ವಿಳಾಸ ಏಕೆ ಬೇಕು? ಅಭಿಮಾನಕ್ಕಾಗಿ ಅಲ್ಲ. ಶ್ರೀನಿವಾಸರ ಮುಂದೆ ಒಂದು ಪ್ರಶ್ನೆ ಇತ್ತು. ಒಂದೇ ಒಕ್ಕದವರು, ಒಂದೇ ಐನ್‌ಮನೆಯಲ್ಲಿ, ಹಿರಿಯರಿಗೆ ಮಾಂಸ ಮದ್ಯಗಳನ್ನು ಎಡೆಯಿಡುತ್ತಾರೆ. ತುಲಾ ಸಂಕ್ರಮಣ ಬಂದಿತೆಂದರೆ ಪುರಾಣದ ಕಾವೇರಿಯನ್ನು ಪೂಜಿಸುತ್ತಾರೆ. ಊರ ದೈವಕ್ಕೂ ಭಾರತಕ್ಕೆಲ್ಲ ಸೇರಿದ ದೇವರಿಗೂ ನಡುವೆ ದಾರಿ ಹೇಗೆ ಬಿತ್ತು? ಒಂದು ಊರಿನ ಮಟ್ಟದ, ಒಂದು ಸೀಮೆಯ ಮಟ್ಟದ, ಇಡೀ ದೇಶದ ಮಟ್ಟದ ಹಿಂದೂಧರ್ಮ ಎಂದು ಅವರು ಬೇರೆ ಬೇರೆ ಹರವುಗಳನ್ನು ಗುರುತಿಸಿದ್ದು ಈ ಪ್ರಶ್ನೆಯ ಬೆನ್ನು ಹತ್ತಿ. ಬ್ರಾಹ್ಮಣೀಕರಣ ಎಂಬ ಶಬ್ದವನ್ನು ಮೊದಲು ಬಳಸಿ, ಅದು ಇಕ್ಕಟ್ಟಾಯಿತೆಂದು ಕಂಡು ಸಂಸ್ಕೃತೀಕರಣ ಎಂಬುದನ್ನು ತೆಗೆದುಕೊಂಡರು. ಅಷ್ಟಕ್ಕೂ ನಿಲ್ಲಲಿಲ್ಲ. ಹಂದಿಮಾಂಸ ತಿನ್ನುವ ಕೊಡವರು ಯಾರಿಗೂ ಕೀಳೆಂದು ತೋರದಿರುವಾಗ, ಮೇಲೇರುವ ಏಣಿ ಒಂದೇ ಎಂದು ಹೇಗೆ ಹೇಳುವುದು? ಬ್ರಾಹ್ಮಣರ ಮಾದರಿಯೊಂದೇ ಅಲ್ಲ, ಕ್ಷತ್ರಿಯ ಮಾದರಿಯೂ ಊರಿನಲ್ಲಿ ಪ್ರಬಲವಾದ ಜಾತಿಯ ಮಾದರಿಯೂ ಇರಬಹುದೆಂದು 1966ರ ಪುಸ್ತಕದಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಉಳಿದವರು ಬೇರೆ ಕಡೆಯಿಂದ ತಿದ್ದಿದರು. 1956ರಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧರಾದದ್ದು ಯಾರ ಅನುಕರಣೆ? ಅನುಕರಿಸಿ ಮೇಲೇರುವುದಲ್ಲದೆ ಧಿಕ್ಕರಿಸಿ ಹೊರಡುವುದೂ ಇದೆಯಷ್ಟೆ.

ಪರಿಕಲ್ಪನೆಯೊಂದು ಹುಟ್ಟಿ, ಎಡವಿ, ತಿದ್ದಿಕೊಂಡು ಬೆಳೆದ ಈ ಕಥೆಯೇ ಶಾಸ್ತ್ರ. ನಾಲ್ಕು ಸಾಲು ಅದರ ಶೇಷ. ಲೇಖಕರ ಪಕ್ಷದಿಂದ ಒಂದು ಸಮಾಧಾನ ಹೇಳಬಹುದು: ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ನಾಲ್ಕೇ ಸಾಲು ಬೇಕು, ಕಥೆ ಹೇಳುತ್ತ ಕುಳಿತರೆ ಪುಸ್ತಕ ಸಾವಿರ ಪುಟವಾಗುತ್ತದೆ. ಒಪ್ಪೋಣ. ಆದರೆ ಅದೇ ಪುಸ್ತಕದಲ್ಲಿ ‘ಸಮಾಜ’ ಎಂಬ ಒಂದು ಶಬ್ದಕ್ಕೆ ಆರು ಮಂದಿ ಪಾಶ್ಚಾತ್ಯರ ಆರು ವ್ಯಾಖ್ಯೆಗಳಿಗೆ ಜಾಗವಿದೆ. ಆರೂ ಹೇಳುವುದು ಒಂದನ್ನೇ.

ಸರಳವಾಗಿ ಹೇಳಲು ಕನ್ನಡಕ್ಕೆ ಬಾರದು ಎನ್ನುವಂತಿಲ್ಲ. ಡಿ.ವಿ.ಜಿ.ಯವರ ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಗ್ರಂಥಗಳನ್ನು ತೆರೆದು ನೋಡಿರಿ. ಸಂಸ್ಕೃತ ಶಬ್ದಗಳಿಗೆ ಅಲ್ಲಿ ಬರವಿಲ್ಲ. ಆದರೆ ಆ ಶಬ್ದ ಯಾವ ತೊಡಕನ್ನು ಬಿಡಿಸಲು ಬಂದಿದೆ ಎಂಬುದು ಓದುಗನಿಗೆ ತಿಳಿಯದೆ ಇರುವುದಿಲ್ಲ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಅದರಲ್ಲಿಯ ಎಷ್ಟೋ ಸಂಗತಿ ಇಂದು ಹಳತಾಗಿರಬಹುದು. ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆದ ದನಿ ಹಳತಾಗಿಲ್ಲ. ನಮ್ಮ ಕೈಪಿಡಿಯ ಲೇಖಕರು ಎದುರಿಗೆ ಕೂರಿಸಿಕೊಂಡದ್ದು ಉತ್ತರಪತ್ರಿಕೆ ತಿದ್ದುವವರನ್ನು.

ಹಾಗೆಂದು ಊರಿನ ಮಾತೆಲ್ಲ ಚಿನ್ನ, ಪುಸ್ತಕದ ಮಾತೆಲ್ಲ ಕಾಗೆಬಂಗಾರ ಎನ್ನುವ ಪಂಥಕ್ಕೆ ನಾನು ಸೇರಿದವನಲ್ಲ. ಕೊಡಗಿನಲ್ಲಿ ನಾಡಿಗೆ ತಕ್ಕರಿದ್ದಾರೆ, ಊರಿಗೆ ತಕ್ಕರಿದ್ದಾರೆ, ದೇವಸ್ಥಾನಕ್ಕೆ ತಕ್ಕರಿದ್ದಾರೆ. ‘ಪ್ರಾತಿನಿಧ್ಯ’ವನ್ನು ಅರ್ಥ ಮಾಡಿಸಲು ತಕ್ಕರನ್ನು ತೋರಿಸಿದರೆ ಸುಲಭವಾದೀತು, ಆದರೆ ತಪ್ಪಾದೀತು. ತಕ್ಕತನ ಮನೆತನದಲ್ಲಿ ಇಳಿದು ಬರುವುದು. ಪಂಚಾಯಿತಿಯ ಸದಸ್ಯತ್ವ ವೋಟಿನಿಂದ ಬರುವುದು. ಗುಡ್ಡದ ಕುಡಿಯರ ಹೆಂಗಸೊಬ್ಬಳು ಪಂಚಾಯಿತಿಯ ಅಧ್ಯಕ್ಷೆಯಾಗಬಹುದು, ತಕ್ಕಳಾಗುವುದು ಹೇಗೆ? ಈ ವ್ಯತ್ಯಾಸವನ್ನು ಕಾಣಿಸಲಿಕ್ಕೇ ಪುಸ್ತಕದ ಶಬ್ದ ಬೇಕು. ‘ನಾಡು’ ಎಂಬ ನಮ್ಮ ಪ್ರೀತಿಯ ಶಬ್ದವೂ ಅಷ್ಟೆ. ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂದು ಹಳೆಯ ಕೊಡಗಿನ ಲೆಕ್ಕ. ನಾಡಕಚೇರಿ ಎಂದರೆ ಹೋಬಳಿಯ ಕಚೇರಿ. ನಾಡಗೀತೆ ಎಂದರೆ ಇಡೀ ಕರ್ನಾಟಕದ್ದು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಗುರುತಿಸಿದ್ದೂ ನಾಡೇ. ಇಷ್ಟು ಅರ್ಥಗಳನ್ನು ಬಿಡಿಸಿಟ್ಟರೆ ಅದೊಂದು ಸೊಗಸಾದ ಪಾಠ. ಬಿಡಿಸದೆ ಬಳಸಿದರೆ ಅದೂ ಮಂಜೇ.

ಇನ್ನು ಭಾಷಾಕಲಿಕೆ. ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಬೇಕು. ನಮ್ಮ ಮನೆಮಾತು ಅರೆಭಾಷೆ. ಹೆಸರಿನ ಮೂಲ ಏನೇ ಇರಲಿ, ಕೇಳಿದವರಿಗೆ ಅರ್ಧ ಭಾಷೆ ಎಂದೇ ಕೇಳಿಸುತ್ತದೆ. ಕನ್ನಡದ ‘ಇದೆ’ಗೆ ನಮ್ಮಲ್ಲಿ ‘ಉಟ್ಟು’; ‘ಉಂಟು’ ಎಂಬುದರ ಒಡಹುಟ್ಟು. ಮೊದಲ ಸಲ ದೊಡ್ಡ ಶಾಲೆಗೆ ಸೇರಿದಾಗ ಮೇಷ್ಟರು ಪುಸ್ತಕ ಎಲ್ಲಿದೆ ಎಂದು ಕೇಳಿದರು. ಚೀಲದಲ್ಲಿ ಉಟ್ಟು ಎಂದೆ. “ಏನನ್ನು ಉಟ್ಟು? ಸೀರೆಯನ್ನೋ?” ಎಂದರು. ತರಗತಿಯೆಲ್ಲ ನಕ್ಕಿತು. ಆ ವರ್ಷವೆಲ್ಲ ನಾನು ತರಗತಿಯಲ್ಲಿ ಬಾಯಿ ತೆರೆದದ್ದು ಕಡಿಮೆ. ಮೇಷ್ಟರು ಕೆಟ್ಟವರಲ್ಲ. ನನಗೆ ಕನ್ನಡ ಬರುತ್ತದೆ, ಬಂದೂ ತಪ್ಪಾಗಿ ಆಡುತ್ತಾನೆ ಎಂದು ಅವರು ತಿಳಿದಿದ್ದರು, ಅಷ್ಟೆ.

ಕೈಪಿಡಿಯ ವ್ಯಾಖ್ಯೆ ಹೀಗಿದೆ: ಮಗು ತಾಯಿಯಿಂದ ಮೊದಲು ಕಲಿಯುವುದು ಮಾತೃಭಾಷೆ, ಅದೇ ಪ್ರಥಮ ಭಾಷೆ. ಇದನ್ನು ಓದುವ ಹುಡುಗಿ ಹಿಂದಿನ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆ ಕನ್ನಡವೆಂದು 125 ಅಂಕಗಳ ಪರೀಕ್ಷೆ ಬರೆದು ಬಂದವಳು. ಅಲ್ಲಿಯ ‘ಪ್ರಥಮ’ ಪ್ರಶ್ನೆಪತ್ರಿಕೆಗಳ ವರಿಸೆಯಲ್ಲಿ ಮೊದಲನೆಯದು. ಅವಳ ಬಾಳಿನಲ್ಲಿ ಮೊದಲನೆಯದಲ್ಲ. ಭಾಗಮಂಡಲದ ಸುತ್ತಿನ ಶಾಲೆಗಳಲ್ಲಿ ಒಂದು ಬೆಂಚಿನ ಮೇಲೆ ಕೊಡವ ತಕ್ಕಿನ ಮಗು, ಅರೆಭಾಷೆಯ ಮಗು, ಮಲೆಯಾಳದ ಮಗು, ತುಳುವಿನ ಮಗು ಒತ್ತಾಗಿ ಕುಳಿತಿರುತ್ತವೆ. ಕಾಗದದ ಮೇಲೆ ಎಲ್ಲರಿಗೂ ಕನ್ನಡ ಪ್ರಥಮ. ವಾಸ್ತವದಲ್ಲಿ ಬಹುಮಂದಿಗೆ ಎರಡನೆಯದು. ಈ ಶಬ್ದದ ಗೊಂದಲ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎರಡನೆಯ ಭಾಷೆಯನ್ನು ಮೇಷ್ಟರು ಕಲಿಸುತ್ತಾರೆ, ಮೊದಲನೆಯದನ್ನು ತಿದ್ದುತ್ತಾರೆ. ಕಲಿಸದೆ ತಿದ್ದಿಸಿಕೊಂಡ ಮಗು ಸುಮ್ಮನಾಗುತ್ತದೆ.

ಕನ್ನಡದ ಮೇಲೆ ನನಗೆ ಮುನಿಸಿಲ್ಲ. ನಾನು ಬರೆಯುವುದು ಕನ್ನಡದಲ್ಲಿ, ಉಣ್ಣುವುದು ಅದರಿಂದಲೇ. ಕೊಡವರ ಮನೆಯೂ ನಮ್ಮ ಮನೆಯೂ ಸಂಗಮದ ಅಂಗಡಿಯ ಮುಂದೆ ಕಂಡಾಗ ಆಡುವುದು ಕನ್ನಡವನ್ನೇ. ಆದರೆ ಮಾತೃಭಾಷೆ ಎಂಬುದು ವ್ಯಾಖ್ಯೆಗೆ ಸುಲಭವಾಗಿ ಸಿಕ್ಕುವ ವಸ್ತುವಲ್ಲ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯೋ ಕನ್ನಡವೋ ಮಾಧ್ಯಮವಾಗಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆಜ್ಞೆ ಮಾಡಿತು. ಅದರ ವ್ಯಾಜ್ಯ ಇಪ್ಪತ್ತು ವರ್ಷ ನಡೆಯಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆ ತಾಯಿ ಅಥವಾ ಪೋಷಕರು, ಮಾಧ್ಯಮವನ್ನು ಸರ್ಕಾರ ಹೇರಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪು ಕೊಟ್ಟಿತು. ತೀರ್ಪಿನಿಂದ ನನಗೆ ಸಂತೋಷವಾಗಲಿಲ್ಲ. ಅದು ಬೇರೆ ಮಾತು. ಐವರು ನ್ಯಾಯಾಧೀಶರು ಕುಳಿತು ಯೋಚಿಸಬೇಕಾಗಿ ಬಂದ ಪರಿಕಲ್ಪನೆಗೆ ನಮ್ಮ ಕೈಪಿಡಿ ಒಂದೂವರೆ ಸಾಲು ಸಾಕೆನ್ನುತ್ತದೆ. ಜನಗಣತಿಯನ್ನೇ ನೋಡಿ: ಕೊಡವ ಭಾಷೆಯವರು 2001ರಲ್ಲಿ 1,66,187 ಮಂದಿ, 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಬಾಯಿಗಳು ಮುಚ್ಚಿಕೊಂಡವೆಂದು ನಾನು ನಂಬಲಾರೆ. ಗಣತಿಯವರು ಕೇಳಿದಾಗ ಏನನ್ನು ಹೇಳಬೇಕೆಂಬ ಅಭಿಪ್ರಾಯವೂ ಬದಲಾಗಿರಬೇಕು. ಅರೆಭಾಷೆಗೆ 2011ರಲ್ಲಿ ಒಂದು ಅಕಾಡೆಮಿ ಆಯಿತು, ಅರ್ಧ ಎನ್ನಿಸಿಕೊಂಡ ಮಾತಿನಲ್ಲಿ ಪುಸ್ತಕಗಳು ಬರುತ್ತಿವೆ. ಭಾಷೆ ಯಾವುದು, ಉಪಭಾಷೆ ಯಾವುದು ಎಂಬ ಗೆರೆಯನ್ನು ವ್ಯಾಕರಣವೊಂದೇ ಎಳೆಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದವರು ಮಡಿಕೇರಿಯ ಆ ಕಚೇರಿಯ ಹಲಗೆಯನ್ನು ನೋಡಬಹುದು.

ಹುಡುಗಿಯ ಕಾಲೇಜಿನ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಲಮಿನ ಮುಂದೆ ‘ಕನ್ನಡ’ ಎಂದಿತ್ತು. ಬರೆದವನು ಅವಳ ಅಪ್ಪ. ನಾನು ನನ್ನ ಅರ್ಜಿಗಳಲ್ಲೆಲ್ಲ ಬರೆದದ್ದೂ ಅದನ್ನೇ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. “ಮಾವ, ಪರೀಕ್ಷೆಯಲ್ಲಿ ಏನು ಬರೆಯಲಿ?” ಎಂದು ಕೇಳಿದಳು. ಪುಸ್ತಕದಲ್ಲಿ ಇದ್ದಂತೆ ಬರೆ ಎಂದೆ. ಅಂಕ ಬೇಕಲ್ಲ.

ಸಂಕ್ರಮಣ ಮುಗಿಸಿ ಮೈಸೂರಿಗೆ ಬಂದ ಮೇಲೆ ಪ್ರಕಾಶಕರಿಗೆ ಒಂದು ಕಾಗದ ಬರೆದೆ. ರಾಜ್ಯದ ಎರಡು ಅರ್ಥಗಳ ವಿಚಾರವನ್ನೂ ಪ್ರಥಮ ಭಾಷೆಯ ವಿಚಾರವನ್ನೂ ವಿವರಿಸಿ, ಅಷ್ಟು ತಿದ್ದಲು ಅನುಕೂಲವಿಲ್ಲದಿದ್ದರೆ ಮುಂದಿನ ಮುದ್ರಣದಲ್ಲಿ ಶ್ರೀನಿವಾಸರ ಹೆಸರಿನ ಪಕ್ಕದಲ್ಲಿ ‘ಕೊಡಗು’ ಎಂಬ ಮೂರು ಅಕ್ಷರಗಳನ್ನಾದರೂ ಸೇರಿಸಬೇಕೆಂದು ಕೇಳಿಕೊಂಡಿದ್ದೇನೆ. ಉತ್ತರ ಬಂದಿದೆ. ಕಾಗದ ತಲುಪಿತೆಂದೂ, ಐವತ್ತಕ್ಕಿಂತ ಹೆಚ್ಚು ಪ್ರತಿಗಳನ್ನು ಕೊಂಡರೆ ರಿಯಾಯಿತಿ ಉಂಟೆಂದೂ ತಿಳಿಸಿದ್ದಾರೆ.